ಎಚ್‌ಐವಿ ಟೆಸ್ಟ್: ಯಾವ ದಿನ ಮಾಡಿಸಬೇಕು, ಅಲ್ಲಿಯವರೆಗಿನ ಭಯವನ್ನು ಹೇಗೆ ನಿಭಾಯಿಸಬೇಕು

ಮೊದಲು ಕ್ಯಾಲೆಂಡರ್ ತೆಗೆಯಿರಿ. ಭಯ ಹುಟ್ಟಿಸಿದ ಘಟನೆ ನಡೆದ ತಾರೀಖಿನ ಮೇಲೆ ಗುರುತು ಹಾಕಿ. ಅದು ಸೊನ್ನೆಯ ದಿನ, ಮರುದಿನ ಒಂದು. ಮುಂದಿನ ಲೆಕ್ಕವೆಲ್ಲ ಇಲ್ಲಿಂದಲೇ ಶುರು. ಅಪಾಯ ಒಂದಕ್ಕಿಂತ ಹೆಚ್ಚು ಸಲ ಎದುರಾಗಿದ್ದರೆ ಕೊನೆಯ ಸಲದ್ದನ್ನು ಹಿಡಿಯಿರಿ. ತಾರೀಖು ಸರಿಯಾಗಿ ನೆನಪಿಲ್ಲದಿದ್ದರೆ ಫೋನಿನಲ್ಲಿರುವ ಯುಪಿಐ ಪಾವತಿ, ಬಸ್ ಟಿಕೆಟ್, ಕ್ಯಾಬ್ ಬುಕಿಂಗ್ ನೋಡಿದರೆ ಸಿಗುತ್ತದೆ. ಆಗಲೂ ಅನುಮಾನ ಉಳಿದರೆ ಎರಡರಲ್ಲಿ ತಡವಾದ ತಾರೀಖನ್ನೇ ಬರೆದುಕೊಳ್ಳಿ.

ಈ ಒಂದು ಗುರುತು ಇಲ್ಲದೆ ಟೆಸ್ಟ್ ಮಾಡಿಸಿಕೊಂಡವರೇ ಹೆಚ್ಚು ಒದ್ದಾಡುವುದು. ಐದನೇ ದಿನ ಒಂದು, ಹನ್ನೆರಡನೇ ದಿನ ಒಂದು, ಇಪ್ಪತ್ತನೇ ದಿನ ಮತ್ತೊಂದು ಎಂದು ಮಾಡಿಸುತ್ತ ಹೋಗುತ್ತಾರೆ. ಪ್ರತಿಯೊಂದೂ ನೆಗೆಟಿವ್, ಆದರೆ ಯಾವುದೂ ಕೊನೆಯ ಮಾತಲ್ಲ. ಸರಿಯಾದ ದಿನ ಸರಿಯಾದ ಒಂದು ಟೆಸ್ಟ್ ಸಾಕು.

72 ಗಂಟೆ ಕಳೆದಿಲ್ಲವಾದರೆ

ಇದನ್ನು ಓದುತ್ತ ಕೂರಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ. ಸೋಂಕು ತಗಲುವ ಸಾಧ್ಯತೆಯಿರುವ ಘಟನೆಯ ನಂತರ 72 ಗಂಟೆಯೊಳಗೆ ಶುರು ಮಾಡುವ, ಸೋಂಕು ತಡೆಯುವ ಔಷಧಿಗೆ ಪಿಇಪಿ ಎನ್ನುತ್ತಾರೆ. ಮೊದಲ ಮಾತ್ರೆ ಎಷ್ಟು ಬೇಗ ಹೊಟ್ಟೆಗೆ ಹೋಗುತ್ತದೋ ಅಷ್ಟು ಒಳ್ಳೆಯದು. ಎರಡು ಗಂಟೆಯೊಳಗಾದರೆ ಅತ್ಯುತ್ತಮ. ಮೂರನೇ ದಿನ ದಾಟಿದ ಮೇಲೆ ಕೊಡುವುದಿಲ್ಲ. ಭಾರತದಲ್ಲಿ ಈಗ ಸಾಮಾನ್ಯವಾಗಿ ಕೊಡುವುದು ಟೆನೊಫೊವಿರ್ 300 ಮಿ.ಗ್ರಾಂ, ಲ್ಯಾಮಿವುಡಿನ್ 300 ಮಿ.ಗ್ರಾಂ, ಡೊಲುಟೆಗ್ರಾವಿರ್ 50 ಮಿ.ಗ್ರಾಂ ಮೂರೂ ಸೇರಿದ ಒಂದೇ ಮಾತ್ರೆ. ದಿನಕ್ಕೊಂದರಂತೆ 28 ದಿನ, ಒಂದು ದಿನವೂ ತಪ್ಪದಂತೆ.

ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಸೂಜಿ ಚುಚ್ಚಿಕೊಂಡವರಿಗೆ ಮತ್ತು ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಇದು ಸಿಗುತ್ತದೆ. ಉಳಿದವರು ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದ ವೈದ್ಯರನ್ನೋ ಖಾಸಗಿ ಫಿಸಿಷಿಯನ್‌ರನ್ನೋ ಕಂಡು ಚೀಟಿ ಬರೆಸಿಕೊಳ್ಳಬೇಕಾಗಬಹುದು. ರಾತ್ರಿಯಾದರೆ ಬೆಳಗಾಗಲಿ ಎಂದು ಕಾಯದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮೂತ್ರಪಿಂಡದ ತೊಂದರೆ ಅಥವಾ ಹೆಪಟೈಟಿಸ್ ಬಿ ಇದ್ದರೆ ಮೊದಲೇ ಹೇಳಬೇಕು. ಎದೆಯುರಿಗೆ ನುಂಗುವ ಆಂಟಾಸಿಡ್ ಆಗಲಿ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಾಗಲಿ ಡೊಲುಟೆಗ್ರಾವಿರ್ ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಹಾಗಾಗಿ ಪಿಇಪಿ ಮಾತ್ರೆಯನ್ನು ಅವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಿ.

ಅದು ನಿಜಕ್ಕೂ ಅಪಾಯವಾಗಿತ್ತೇ?

ಎಚ್‌ಐವಿ ದಾಟುವುದು ರಕ್ತ, ವೀರ್ಯ, ಯೋನಿಸ್ರಾವ, ಗುದದ್ವಾರದ ಸ್ರಾವ ಮತ್ತು ಎದೆಹಾಲಿನ ಮೂಲಕ. ದಾರಿ ಯಾವುದೆಂದರೆ ಕಾಂಡೋಮ್ ಇಲ್ಲದ ಸಂಭೋಗ, ಹಂಚಿಕೊಂಡ ಸೂಜಿ-ಸಿರಿಂಜ್, ಸೋಂಕಿನ ರಕ್ತ, ತಾಯಿಯಿಂದ ಮಗುವಿಗೆ. ಇಷ್ಟೇ. ಮುತ್ತು, ಕೈಯಿಂದ ಮಾಡಿದ ಸ್ಪರ್ಶ, ಮಸಾಜ್, ಒಂದೇ ಲೋಟ, ಒಂದೇ ಶೌಚಾಲಯ, ಸೊಳ್ಳೆ ಇವುಗಳಿಂದ ಬರುವುದಿಲ್ಲ. ಕಾಂಡೋಮ್ ಕೊನೆಯವರೆಗೂ ಹರಿಯದೆ ಇದ್ದರೆ ಅದು ಭಯಪಡುವ ಘಟನೆಯಲ್ಲ. ಹರಿದಿದ್ದರೆ ನಿಮಗೆ ಗೊತ್ತಾಗಿಯೇ ಇರುತ್ತದೆ. ಕಣ್ಣಿಗೆ ಕಾಣದ ತೂತಿನ ಬಗ್ಗೆ ಆಮೇಲೆ ಯೋಚಿಸಿ ನಿದ್ದೆಗೆಡುವುದು ವ್ಯರ್ಥ.

ಕ್ಷೌರದಂಗಡಿಯ ಬ್ಲೇಡಿನ ಬಗ್ಗೆ ನಮ್ಮಲ್ಲಿ ಇರುವಷ್ಟು ಭಯ ಬೇರೆ ಯಾವುದರ ಬಗ್ಗೆಯೂ ಇಲ್ಲವೇನೋ. ದೇಹದಿಂದ ಹೊರಬಂದು ಒಣಗಿದ ಮೇಲೆ ಎಚ್‌ಐವಿ ಸೋಂಕು ತಗಲಿಸುವ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತದೆ. ಆ ಬ್ಲೇಡಿನಿಂದ ಹೆಪಟೈಟಿಸ್ ಬಿ ಬರುವ ಸಾಧ್ಯತೆ ನಿಜವಾದದ್ದು, ಅದಕ್ಕೆ ಲಸಿಕೆಯೂ ಇದೆ. ಹೊಸ ಬ್ಲೇಡ್ ಹಾಕಿಸಿಕೊಳ್ಳಿ, ಆದರೆ ಕಳೆದ ತಿಂಗಳ ಶೇವಿಂಗಿಗಾಗಿ ಎಚ್‌ಐವಿ ಟೆಸ್ಟಿನ ದಿನ ಎಣಿಸಬೇಡಿ. ಚಿತ್ರಮಂದಿರದ ಸೀಟಿನಲ್ಲಿ ಸಿಕ್ಕಿಸಿಟ್ಟ ಸೂಜಿ, ಹಣ್ಣಿಗೆ ಚುಚ್ಚಿದ ರಕ್ತ ಎಂದೆಲ್ಲ ವಾಟ್ಸ್ಆ್ಯಪಿನಲ್ಲಿ ವರ್ಷವರ್ಷವೂ ಸುತ್ತುವ ಕಥೆಗಳನ್ನು ಅಳಿಸಿಹಾಕಿ.

ನಿಜವಾದ ಅಪಾಯಗಳಲ್ಲೂ ಪ್ರಮಾಣ ಬೇರೆ ಬೇರೆ. ಸಂಗಾತಿಗೆ ಸೋಂಕಿದ್ದು, ಅವರು ಚಿಕಿತ್ಸೆ ಪಡೆಯದೆ ಇದ್ದು, ಕಾಂಡೋಮ್ ಬಳಸದಿದ್ದರೆ, ಯೋನಿ ಸಂಭೋಗದಲ್ಲಿ ಹೆಣ್ಣಿಗೆ ತಗಲುವ ಸಾಧ್ಯತೆ 10,000 ಸಲಕ್ಕೆ ಸುಮಾರು 8, ಗಂಡಿಗೆ ಸುಮಾರು 4. ಗುದ ಸಂಭೋಗದಲ್ಲಿ ಸ್ವೀಕರಿಸುವವರಿಗೆ ಸುಮಾರು 138, ಮತ್ತೊಬ್ಬರಿಗೆ ಸುಮಾರು 11. ಸೋಂಕಿತರ ರಕ್ತವಿದ್ದ ಸೂಜಿ ಆಸ್ಪತ್ರೆಯಲ್ಲಿ ಚುಚ್ಚಿದರೆ ಸುಮಾರು 23. ಬಾಯಿಯ ಮೂಲಕದ ಸಂಭೋಗದಲ್ಲಿ ತೀರಾ ಕಡಿಮೆ. ಇವು ಅಂದಾಜು. ಜನನಾಂಗದಲ್ಲಿ ಹುಣ್ಣೋ ಬೇರೆ ಲೈಂಗಿಕ ಸೋಂಕೋ ಇದ್ದರೆ ಹೆಚ್ಚಾಗುತ್ತವೆ. ಸಂಗಾತಿ ಚಿಕಿತ್ಸೆಯಲ್ಲಿದ್ದು ಅವರ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ) ಪತ್ತೆಯಾಗದ ಮಟ್ಟದಲ್ಲೇ ಉಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದೇ ಇಲ್ಲ. ಇಷ್ಟು ಬರೆದದ್ದು ಟೆಸ್ಟ್ ಬೇಡ ಎನ್ನುವುದಕ್ಕಲ್ಲ. ‘ನನಗೆ ಬಂದೇ ಬಂದಿದೆ’ ಎಂದು ಮನಸ್ಸು ಹೇಳುತ್ತಿರುವುದಕ್ಕೂ ಈ ಅಂಕಿಗಳಿಗೂ ಎಷ್ಟು ದೂರ ಎಂದು ಗೊತ್ತಾಗಲಿ ಎಂದು.

ದಿನಗಳ ಲೆಕ್ಕ

ವೈರಸ್ ಒಳಗೆ ಹೋದ ತಕ್ಷಣ ಯಾವ ಟೆಸ್ಟಿಗೂ ಕಾಣುವುದಿಲ್ಲ. ಬಿತ್ತಿದ ಮಾರನೆಯ ದಿನ ಮೊಳಕೆ ಹುಡುಕಿದರೆ ಸಿಗುವುದು ಬರೀ ಮಣ್ಣು. ಮೊದಲ ಹತ್ತು ದಿನ ರಕ್ತದಲ್ಲಿ ಹಿಡಿಯುವಂಥದ್ದು ಏನೂ ಇರುವುದಿಲ್ಲ. ಆಮೇಲೆ ವೈರಸ್ಸಿನ ಆರ್‌ಎನ್‌ಎ, ಅಂದರೆ ಅದರ ಆನುವಂಶಿಕ ವಸ್ತು, ಕಾಣಿಸಿಕೊಳ್ಳುತ್ತದೆ. ಕೆಲವು ದಿನಗಳ ನಂತರ ವೈರಸ್ಸಿನ ಒಳಗಿರುವ ಪಿ24 ಎಂಬ ಪ್ರೋಟೀನು, ಅಂದರೆ ಪ್ರತಿಜನಕ, ರಕ್ತದಲ್ಲಿ ಸಿಗುತ್ತದೆ. ಎಲ್ಲಕ್ಕಿಂತ ಕೊನೆಗೆ ನಮ್ಮ ದೇಹವೇ ತಯಾರಿಸುವ ಪ್ರತಿಕಾಯಗಳು. ಯಾವ ಟೆಸ್ಟ್ ಇವುಗಳಲ್ಲಿ ಯಾವುದನ್ನು ಹುಡುಕುತ್ತದೆ ಎನ್ನುವುದರ ಮೇಲೆ ಕಾಯಬೇಕಾದ ಅವಧಿ ನಿಂತಿದೆ. ಇದನ್ನೇ ಗವಾಕ್ಷಿ ಅವಧಿ ಅಥವಾ ವಿಂಡೋ ಪೀರಿಯಡ್ ಎನ್ನುವುದು.

- ಪ್ರತಿಜನಕ ಮತ್ತು ಪ್ರತಿಕಾಯ ಎರಡನ್ನೂ ಹುಡುಕುವ ಲ್ಯಾಬ್ ಟೆಸ್ಟ್, ತೋಳಿನ ರಕ್ತನಾಳದಿಂದ ತೆಗೆದ ರಕ್ತ (ನಾಲ್ಕನೇ ತಲೆಮಾರಿನದು): 18ರಿಂದ 45 ದಿನ
- ಎರಡನ್ನೂ ಹುಡುಕುವ, ಬೆರಳು ಚುಚ್ಚಿ ಮಾಡುವ ರ‍್ಯಾಪಿಡ್ ಟೆಸ್ಟ್: 18ರಿಂದ 90 ದಿನ
- ಪ್ರತಿಕಾಯ ಮಾತ್ರ ಹುಡುಕುವ ಟೆಸ್ಟ್ (ಹೆಚ್ಚಿನ ರ‍್ಯಾಪಿಡ್ ಕಿಟ್‌ಗಳು ಇದೇ): 23ರಿಂದ 90 ದಿನ
- ಆರ್‌ಎನ್‌ಎ ಹುಡುಕುವ ನ್ಯಾಟ್ ಅಥವಾ ಪಿಸಿಆರ್: 10ರಿಂದ 33 ದಿನ

ಇಲ್ಲಿ ಎರಡು ಸಂಖ್ಯೆಗಳನ್ನೂ ಗಮನಿಸಬೇಕು. ಮೊದಲನೆಯದು ಕೆಲವರಲ್ಲಿ ಟೆಸ್ಟ್ ಹಿಡಿಯತೊಡಗುವ ದಿನ. ಎರಡನೆಯದು ಹೆಚ್ಚುಕಡಿಮೆ ಎಲ್ಲರಲ್ಲೂ ಹಿಡಿಯುವ ದಿನ. ಎರಡರ ನಡುವೆ ಬಂದ ನೆಗೆಟಿವ್ ಒಳ್ಳೆಯ ಸೂಚನೆ. ಎರಡನೆಯದು ದಾಟಿದ ಮೇಲೆ ಬಂದ ನೆಗೆಟಿವ್ ತೀರ್ಪು.

ಉದಾಹರಣೆಗೆ ಘಟನೆ ಜನವರಿ 1ರಂದು ನಡೆದಿದ್ದರೆ, ನಾಲ್ಕನೇ ತಲೆಮಾರಿನ ಲ್ಯಾಬ್ ಟೆಸ್ಟಿಗೆ ಫೆಬ್ರವರಿ 15, ಬೆರಳು ಚುಚ್ಚುವ ಕಿಟ್ಟಿಗೆ ಏಪ್ರಿಲ್ 1. ಪಿಇಪಿ ತೆಗೆದುಕೊಂಡಿದ್ದರೆ ಎಣಿಕೆ ಘಟನೆಯಿಂದಲ್ಲ, ಕೊನೆಯ ಮಾತ್ರೆಯಿಂದ. ಅದೇ ಜನವರಿ 1ರಂದು ಶುರು ಮಾಡಿ 28ಕ್ಕೆ ಮುಗಿಸಿದವರಿಗೆ ಆ ತಾರೀಖುಗಳು ಮಾರ್ಚ್ 14 ಮತ್ತು ಏಪ್ರಿಲ್ 28 ಆಗುತ್ತವೆ. ಔಷಧಿ ವೈರಸ್ಸನ್ನು ಹತ್ತಿಕ್ಕಿ ಪ್ರತಿಕಾಯ ಮೂಡುವುದನ್ನು ತಡಮಾಡಬಹುದು ಎನ್ನುವುದೇ ಇದಕ್ಕೆ ಕಾರಣ. ಅಂಗಾಂಗ ಕಸಿ ಅಥವಾ ಕ್ಯಾನ್ಸರಿಗಾಗಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಯಲ್ಲಿರುವವರೂ ವೈದ್ಯರ ಜೊತೆ ಮಾತಾಡಿ ದಿನ ಗೊತ್ತುಮಾಡಿಕೊಳ್ಳಬೇಕು. ಮಾಮೂಲಿ ಆ್ಯಂಟಿಬಯಾಟಿಕ್, ಜ್ವರದ ಮಾತ್ರೆ, ಹಿಂದಿನ ರಾತ್ರಿಯ ಮದ್ಯ, ಸಕ್ಕರೆ ಕಾಯಿಲೆ ಇವು ಯಾವುವೂ ಈ ಲೆಕ್ಕವನ್ನು ಬದಲಿಸುವುದಿಲ್ಲ.

‘ಆರು ತಿಂಗಳು ಕಾಯಬೇಕಂತೆ’ ಎಂದು ಈಗಲೂ ಹೇಳುವವರಿದ್ದಾರೆ. 1985ರಲ್ಲಿ ಬಂದ ಮೊದಲ ಟೆಸ್ಟ್‌ಗಳು ಪ್ರತಿಕಾಯವನ್ನು ಹಿಡಿಯುವುದರಲ್ಲಿ ನಿಧಾನ, ಅದಕ್ಕೇ ಆಗ ಅಷ್ಟು ಅಂತರ ಇಟ್ಟಿದ್ದರು. ಕಿಟ್ ಬದಲಾದರೂ ಮಾತು ಉಳಿದುಕೊಂಡಿತು. ಇನ್ನು ನಮ್ಮ ಸರ್ಕಾರಿ ಕೇಂದ್ರಗಳಲ್ಲಿ ‘ಮೂರು ತಿಂಗಳ ನಂತರ ಮತ್ತೆ ಬನ್ನಿ’ ಎನ್ನುವುದು ಹಳೆಯ ಮಾತೇನಲ್ಲ, ಅಲ್ಲಿ ಬಳಸುವ ಕಿಟ್‌ಗಳಿಗೆ ಅದು ಸರಿಯಾದ ಲೆಕ್ಕ. 45ನೇ ದಿನ ನಾಲ್ಕನೇ ತಲೆಮಾರಿನ ಟೆಸ್ಟ್ ಮಾಡಿಸಿ ನೆಗೆಟಿವ್ ಬಂದವರಿಗೂ ಕೌನ್ಸೆಲರ್ ಅದನ್ನೇ ಹೇಳಿದರೆ ಗಾಬರಿಯಾಗಬೇಡಿ. 90ನೇ ದಿನ ಒಮ್ಮೆ ಉಚಿತವಾಗಿ ಮಾಡಿಸಿ ಮುಗಿಸಿ.

ನ್ಯಾಟ್ ಬೇಗ ಹಿಡಿಯುತ್ತದಲ್ಲ, ಅದನ್ನೇ ಮಾಡಿಸೋಣ ಎಂದು ಅನ್ನಿಸುವುದು ಸಹಜ. ದುಬಾರಿ ಎನ್ನುವುದಷ್ಟೇ ತೊಂದರೆಯಲ್ಲ. ಇದರದ್ದೇ ಒಂದು ಬಗೆಯಾದ ವೈರಲ್ ಲೋಡ್ ಟೆಸ್ಟ್ ಇರುವುದು ಮುಖ್ಯವಾಗಿ ಚಿಕಿತ್ಸೆ ಹೇಗೆ ನಡೆಯುತ್ತಿದೆ ಎಂದು ನೋಡಲು. ಸೋಂಕಿಲ್ಲದವರಲ್ಲೂ ಅಪರೂಪಕ್ಕೆ ತೀರಾ ಸಣ್ಣ ಸಂಖ್ಯೆ ತೋರಿಸಿ ಹೊಸ ಗಾಬರಿ ಹುಟ್ಟಿಸುತ್ತದೆ. ನೆಗೆಟಿವ್ ಬಂದರೂ ಆಮೇಲೆ ಪ್ರತಿಕಾಯದ ಟೆಸ್ಟ್ ತಪ್ಪಿದ್ದಲ್ಲ. ಪಕ್ಕಾ ಅಪಾಯ ಇದ್ದು, ಜ್ವರ-ಗಂಟಲುನೋವೂ ಬಂದು, ವೈದ್ಯರೇ ಹೇಳಿದರೆ ಮಾತ್ರ ಮಾಡಿಸಿ. ಸಿಡಿ4 (ರೋಗನಿರೋಧಕ ರಕ್ತಕಣಗಳು) ಎಣಿಕೆಯಿಂದ ಸೋಂಕು ಗೊತ್ತಾಗುವುದಿಲ್ಲ, ಕೇಳಲೇಬೇಡಿ. ಪ್ರತಿಕಾಯ ಹುಡುಕುವ ವೆಸ್ಟರ್ನ್ ಬ್ಲಾಟ್ ಎಂಬ ಟೆಸ್ಟ್ ನಾಲ್ಕನೇ ತಲೆಮಾರಿನ ಟೆಸ್ಟಿಗಿಂತ ತಡವಾಗಿ ಪಾಸಿಟಿವ್ ಆಗುವಂಥದ್ದು. ಅದನ್ನು ‘ದೊಡ್ಡ ಟೆಸ್ಟ್’ ಎಂದು ನಂಬಿ ದುಡ್ಡು ಸುರಿಯಬೇಡಿ.

ವಿದೇಶದಲ್ಲಿರುವ ಕನ್ನಡಿಗರು ಅಂಗಡಿಯಲ್ಲಿ ಸಿಗುವ, ವಸಡಿನಿಂದ ದ್ರವ ಒರೆಸಿ ನೋಡುವ ಮನೆ-ಕಿಟ್ ಬಳಸುತ್ತಿದ್ದರೆ 90 ದಿನ ಪೂರ್ತಿ ಕಾಯಿರಿ. ಬಾಯಿಯ ದ್ರವದಲ್ಲಿ ಪ್ರತಿಕಾಯ ರಕ್ತದಲ್ಲಿರುವುದಕ್ಕಿಂತ ಕಡಿಮೆ.

ಎಲ್ಲಿ, ಹೇಗೆ

ಸರ್ಕಾರಿ ಜಿಲ್ಲಾ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆ, ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಐಸಿಟಿಸಿ ಎಂಬ ಬೋರ್ಡಿರುವ ಕೋಣೆ ಇರುತ್ತದೆ. ಟೆಸ್ಟ್ ಉಚಿತ, ವೈದ್ಯರ ಚೀಟಿ ಬೇಕಿಲ್ಲ, ಖಾಲಿ ಹೊಟ್ಟೆಯೂ ಬೇಕಿಲ್ಲ. ಮೊದಲು ಕೌನ್ಸೆಲರ್ ಬಾಗಿಲು ಮುಚ್ಚಿ ಮಾತಾಡುತ್ತಾರೆ: ಯಾಕೆ ಬಂದಿರಿ, ಯಾವಾಗ ಆಯಿತು, ಹಿಂದೆ ಟೆಸ್ಟ್ ಮಾಡಿಸಿದ್ದೀರಾ. ಇಲ್ಲಿ ಸುಳ್ಳು ಹೇಳಿದರೆ ನಷ್ಟ ನಿಮಗೇ, ಯಾಕೆಂದರೆ ಮತ್ತೆ ಯಾವಾಗ ಬರಬೇಕು ಎಂದು ಅವರು ಹೇಳುವುದು ನೀವು ಕೊಟ್ಟ ತಾರೀಖಿನ ಮೇಲೆ. ಆಮೇಲೆ ನಿಮ್ಮ ಒಪ್ಪಿಗೆ ಪಡೆದು ರಕ್ತ ತೆಗೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಫಲಿತಾಂಶ ಸಿಗುತ್ತದೆ, ನಿಮ್ಮ ಕೈಗೇ ಕೊಟ್ಟು ಮತ್ತೊಮ್ಮೆ ಮಾತಾಡುತ್ತಾರೆ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಮೇಲೆ ಹೋದರೆ ಫಲಿತಾಂಶ ಮರುದಿನಕ್ಕೆ ಬಿದ್ದು ಒಂದು ರಾತ್ರಿ ಸುಮ್ಮನೆ ಒದ್ದಾಡಬೇಕಾದೀತು. ಹತ್ತಿರದ ಕೇಂದ್ರ ಯಾವುದೆಂದು ಗೊತ್ತಿಲ್ಲದಿದ್ದರೆ 1097ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಉಚಿತ ಸಹಾಯವಾಣಿ.

ಊರಿನ ಆಸ್ಪತ್ರೆಯಲ್ಲಿ ಪರಿಚಯದವರು ಸಿಕ್ಕಾರು ಎಂಬ ಅಳುಕಿದ್ದರೆ ಪಕ್ಕದ ತಾಲ್ಲೂಕಿಗೆ ಹೋಗಿ, ಯಾರೂ ತಡೆಯುವುದಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಟೆಸ್ಟ್ ಮಾಡುವಂತಿಲ್ಲ, ಫಲಿತಾಂಶವನ್ನು ಬೇಕಾದವರಿಗೆಲ್ಲ ಹೇಳುವಂತಿಲ್ಲ, ಕೆಲಸ ಕೊಡಲು ಎಚ್‌ಐವಿ ರಿಪೋರ್ಟ್ ತರಬೇಕೆಂದು ಷರತ್ತು ಹಾಕುವಂತಿಲ್ಲ.

ಖಾಸಗಿ ಲ್ಯಾಬಿಗೆ ಹೋದರೆ ‘ಎಚ್‌ಐವಿ ಟೆಸ್ಟ್’ ಎಂದಷ್ಟೇ ಹೇಳಬೇಡಿ, ಕೌಂಟರಿನಲ್ಲಿ ಕಾರ್ಡ್ ಟೆಸ್ಟ್ (ರ‍್ಯಾಪಿಡ್ ಕಿಟ್) ಮಾಡಿ ಕಳಿಸಿಬಿಡಬಹುದು. ‘ನಾಲ್ಕನೇ ತಲೆಮಾರಿನದು, ಪಿ24 ಆ್ಯಂಟಿಜನ್ ಸೇರಿದ್ದು ಬೇಕು’ ಎಂದು ಕೇಳಿ. ಎಲೈಸಾ, ಕ್ಲಿಯಾ, ಸಿಎಂಐಎ, ಇಕ್ಲಿಯಾ ಎನ್ನುವವು ಯಂತ್ರದ ವಿಧಾನಗಳ ಹೆಸರು. ತಲೆಮಾರು ಯಾವುದೆಂಬುದು ಅದರಿಂದಲೇ ತಿಳಿಯುವುದಿಲ್ಲ, ಪ್ರತಿಕಾಯ ಮಾತ್ರ ಹುಡುಕುವ ಮೂರನೇ ತಲೆಮಾರಿನ ಎಲೈಸಾವೂ ಉಂಟು. ರಿಪೋರ್ಟಿನಲ್ಲಿ ‘ಎಚ್‌ಐವಿ 1 ಮತ್ತು 2 ಪ್ರತಿಕಾಯ, ಪಿ24 ಪ್ರತಿಜನಕ’ ಎಂದು ಎರಡೂ ಬರೆದಿರಬೇಕು.

ಒಂದು ಕೆಲಸವನ್ನಂತೂ ಮಾಡಲೇಬೇಡಿ: ಪುಕ್ಕಟೆಯಾಗಿ ಗೊತ್ತಾಗುತ್ತದೆಂದು ರಕ್ತದಾನ ಶಿಬಿರಕ್ಕೆ ಹೋಗುವುದು. ಗವಾಕ್ಷಿ ಅವಧಿಯಲ್ಲಿ ಕೊಟ್ಟ ರಕ್ತ ಪರೀಕ್ಷೆಯಲ್ಲಿ ಪಾಸಾಗಿ ಅಪಘಾತಕ್ಕೊಳಗಾದವರಿಗೋ ಬಾಣಂತಿಗೋ ಹೋಗಿಬಿಡಬಹುದು. ನಿಮ್ಮ ಟೆಸ್ಟಿನ ದಿನ ದಾಟುವವರೆಗೆ ರಕ್ತ ಕೊಡಬೇಡಿ, ಸಂಗಾತಿಯೊಂದಿಗೆ ಕಾಂಡೋಮ್ ಬಳಸಿ. ಎದೆಹಾಲು ಕೊಡುತ್ತಿರುವ ತಾಯಿಗೆ ಅಪಾಯ ಎದುರಾಗಿದ್ದರೆ ಕಾಯದೆ ತಕ್ಷಣ ವೈದ್ಯರಿಗೆ ಹೇಳಬೇಕು.

ರಿಪೋರ್ಟ್ ಕೈಗೆ ಬಂದಾಗ

‘ನಾನ್-ರಿಯಾಕ್ಟಿವ್’ ಎಂದರೆ ಏನೂ ಸಿಗಲಿಲ್ಲ ಎಂದು. ಯಂತ್ರದ ಟೆಸ್ಟಿನಲ್ಲಿ ಪಕ್ಕದಲ್ಲೊಂದು ಸಂಖ್ಯೆ ಇರುತ್ತದೆ: 0.08, 0.23, 0.41 ಹೀಗೆ. ಸಾಮಾನ್ಯವಾಗಿ 1.00 ಗಡಿ. ಅದಕ್ಕಿಂತ ಕೆಳಗಿರುವುದೆಲ್ಲ ನೆಗೆಟಿವ್, 0.41 ಎಂದರೆ 0.08ಕ್ಕಿಂತ ‘ಹೆಚ್ಚು ಸೋಂಕು’ ಅಲ್ಲ. ಅದೇ ರಕ್ತವನ್ನು ಮತ್ತೆ ಯಂತ್ರಕ್ಕೆ ಹಾಕಿದರೆ ಸಂಖ್ಯೆ ಸ್ವಲ್ಪ ಅತ್ತಿತ್ತ ಆಗುತ್ತದೆ. ಮೊನ್ನೆ 0.11 ಇತ್ತು, ಇವತ್ತು 0.19 ಆಗಿದೆ, ಏರುತ್ತಿದೆ ಎಂದು ಗ್ರಾಫ್ ಬರೆಯುವವರು ಬಹಳ. ಆ ಸಂಖ್ಯೆಯ ಕೆಲಸ ಗಡಿಯ ಈಚೆಯೋ ಆಚೆಯೋ ಎಂದು ಹೇಳುವುದಷ್ಟೇ.

ಕಾರ್ಡ್ ಟೆಸ್ಟಿನಲ್ಲಿ ಕಂಟ್ರೋಲ್ ಗೆರೆ ಮೂಡಲೇಬೇಕು. ಅದು ಬಾರದಿದ್ದರೆ ಟೆಸ್ಟೇ ಕೆಟ್ಟಿದೆ, ಹೊಸ ಕಾರ್ಡ್ ಹಾಕಬೇಕು. ಕಿಟ್ಟಿನ ಹಾಳೆಯಲ್ಲಿ ಹೇಳಿದ ನಿಮಿಷಗಳೊಳಗೆ ಓದಬೇಕು. ಒಂದು ಗಂಟೆಯ ಮೇಲೆ ಕಸದ ಬುಟ್ಟಿಯಿಂದ ತೆಗೆದು ಟಾರ್ಚ್ ಹಿಡಿದು ನೋಡಿದರೆ ಒಣಗಿದ ಜಾಗದಲ್ಲಿ ಮಸುಕು ಗೆರೆ ಕಾಣಬಹುದು, ಅದಕ್ಕೆ ಅರ್ಥವಿಲ್ಲ. ನಿಗದಿತ ಸಮಯದೊಳಗೆ ಮಸುಕಾಗಿ ಮೂಡಿದ ಗೆರೆಯನ್ನು ಮಾತ್ರ ರಿಯಾಕ್ಟಿವ್ ಎಂದೇ ಹಿಡಿದು ಐಸಿಟಿಸಿಗೆ ಹೋಗಬೇಕು.

ರಿಯಾಕ್ಟಿವ್ ಎಂದು ಬಂದರೆ

ಒಂದೇ ಟೆಸ್ಟಿನ ರಿಯಾಕ್ಟಿವ್ ರೋಗನಿರ್ಣಯವಲ್ಲ. ಲೆಕ್ಕ ನೋಡಿ. ಭಾರತದ ವಯಸ್ಕರಲ್ಲಿ ಎಚ್‌ಐವಿ ಇರುವವರು ಶೇ. 0.2ರ ಆಸುಪಾಸು, ಅಂದರೆ ಸಾವಿರಕ್ಕೆ ಇಬ್ಬರು. ಟೆಸ್ಟೊಂದು ಸಾವಿರದಲ್ಲಿ ಐದು ಮಂದಿಯನ್ನು ತಪ್ಪಾಗಿ ರಿಯಾಕ್ಟಿವ್ ಎನ್ನುತ್ತದೆ ಎಂದುಕೊಳ್ಳೋಣ. ಅದು ಕೆಟ್ಟ ಟೆಸ್ಟೇನಲ್ಲ. ಸಾವಿರ ಜನ ಸಾಮಾನ್ಯರನ್ನು ಪರೀಕ್ಷಿಸಿದರೆ ಏಳು ರಿಯಾಕ್ಟಿವ್ ಬರುತ್ತವೆ, ಅದರಲ್ಲಿ ಐದು ಸುಳ್ಳು. ಗರ್ಭ, ಸ್ವಯಂ-ನಿರೋಧಕ ಕಾಯಿಲೆಗಳು, ಇತ್ತೀಚಿನ ಲಸಿಕೆ, ಬೇರೆ ಸೋಂಕು, ಮಾದರಿಗಳ ಅದಲುಬದಲು ಹೀಗೆ ಕಾರಣ ಹಲವು. ದೊಡ್ಡ ಅಪಾಯ ಎದುರಾಗಿದ್ದವರಿಗೆ ಈ ಲೆಕ್ಕ ಬೇರೆಯಾಗುತ್ತದೆ, ಅದನ್ನೂ ಮರೆಯಬಾರದು.

ಅದಕ್ಕೇ ಐಸಿಟಿಸಿಯಲ್ಲಿ, ರೋಗಲಕ್ಷಣಗಳಿಲ್ಲದವರ ರಕ್ತವನ್ನು ಬೇರೆ ಬೇರೆ ತತ್ವದ ಮೂರು ಕಿಟ್‌ಗಳಿಂದ ಪರೀಕ್ಷಿಸುತ್ತಾರೆ. ಮೊದಲನೆಯದು ನಾನ್-ರಿಯಾಕ್ಟಿವ್ ಆದರೆ ಅಲ್ಲಿಗೆ ನೆಗೆಟಿವ್. ಮೂರೂ ರಿಯಾಕ್ಟಿವ್ ಆದರೆ ಪಾಸಿಟಿವ್. ಒಂದಕ್ಕೊಂದು ತಾಳೆಯಾಗದಿದ್ದರೆ ಅನಿಶ್ಚಿತ ಎಂದು ಬರೆದು 14 ದಿನದ ಮೇಲೆ ಮತ್ತೆ ಕರೆಯುತ್ತಾರೆ. ಖಾಸಗಿ ಲ್ಯಾಬಿನಲ್ಲಿ ರಿಯಾಕ್ಟಿವ್ ಬಂದವರು ಮತ್ತೊಂದು ಖಾಸಗಿ ಲ್ಯಾಬಿಗೆ ಓಡದೆ ನೇರವಾಗಿ ಇಲ್ಲಿಗೇ ಬರುವುದು ಲೇಸು.

ಪಾಸಿಟಿವ್ ಎಂದು ಖಚಿತವಾದರೆ ಎಆರ್‌ಟಿ ಕೇಂದ್ರಕ್ಕೆ ಕಳಿಸುತ್ತಾರೆ. 2017ರಿಂದ ಸಿಡಿ4 ಎಷ್ಟೇ ಇರಲಿ, ಎಲ್ಲರಿಗೂ ಚಿಕಿತ್ಸೆ ಶುರು ಮಾಡುವುದು ದೇಶದ ನೀತಿ. ಕ್ಷಯ, ಹೆಪಟೈಟಿಸ್, ಮೂತ್ರಪಿಂಡದ ಪರೀಕ್ಷೆಗಳಾದ ಮೇಲೆ ಔಷಧಿ ಉಚಿತ, ಹೆಚ್ಚಿನವರಿಗೆ ಪಿಇಪಿಯಲ್ಲಿ ಹೇಳಿದ ಅದೇ ಮಾತ್ರೆ ದಿನಕ್ಕೊಂದು. ಬೇಗ ಶುರು ಮಾಡಿ ತಪ್ಪದೆ ನುಂಗಿದವರ ಆಯಸ್ಸು ಇತರರ ಆಯಸ್ಸಿಗೆ ಹತ್ತಿರ. ಮದುವೆ, ಸೋಂಕಿಲ್ಲದ ಮಗು, ಕೆಲಸ ಎಲ್ಲವೂ ಸಾಧ್ಯ. ಮೊದಲ ದಿನವೇ ಮನೆಯಲ್ಲಿ ಎಲ್ಲರಿಗೂ ಹೇಳಬೇಕೆಂದೇನಿಲ್ಲ. ಸಂಗಾತಿಗೆ ಹೇಗೆ ಹೇಳುವುದು, ಅವರನ್ನು ಯಾವಾಗ ಟೆಸ್ಟಿಗೆ ಕರೆತರುವುದು ಎಂಬುದನ್ನು ಕೌನ್ಸೆಲರ್ ಜೊತೆ ಕೂತು ಯೋಚಿಸಿ.

ಕಾಯುವ ದಿನಗಳು

ದಿನ ಗೊತ್ತಾಯಿತು, ಇನ್ನೂ ಐದು ವಾರ ಇದೆ ಎಂದುಕೊಳ್ಳಿ. ಈ ಐದು ವಾರದಲ್ಲಿ ದೇಹ ಕಳಿಸುವ ಪ್ರತಿ ಸಂದೇಶವೂ ಎಚ್‌ಐವಿಯದ್ದೇ ಎಂದು ಕಾಣತೊಡಗುತ್ತದೆ. ಸೋಂಕು ತಗಲಿದವರಲ್ಲಿ ಹಲವರಿಗೆ 2ರಿಂದ 4 ವಾರದೊಳಗೆ ಜ್ವರ, ಗಂಟಲುನೋವು, ಮೈಮೇಲೆ ದದ್ದು, ಊದಿದ ಗ್ರಂಥಿಗಳು ಬರುವುದುಂಟು, ಕೆಲವರಿಗೆ ಏನೂ ಬರುವುದಿಲ್ಲ. ಡೆಂಗಿ, ಮಾಮೂಲಿ ವೈರಲ್ ಜ್ವರ, ಔಷಧಿಯ ಅಲರ್ಜಿಯಲ್ಲೂ ಇವೇ ಲಕ್ಷಣ. ಹಾಗಾಗಿ ಲಕ್ಷಣ ನೋಡಿ ಇದೆ ಎಂದಾಗಲಿ ಇಲ್ಲ ಎಂದಾಗಲಿ ಹೇಳಲು ಯಾವ ವೈದ್ಯರಿಗೂ ಆಗದು. ಜ್ವರ ಬಂದರೆ ಜ್ವರಕ್ಕೆ ತೋರಿಸಿ, ಮಳೆಗಾಲವಾದರೆ ಡೆಂಗಿಯನ್ನೂ ನೋಡಿಸಿ.

ಭಯಕ್ಕೇ ಅದರದ್ದೇ ಲಕ್ಷಣಗಳಿವೆ: ಬಾಯಿ ಒಣಗುವುದು, ಭೇದಿ, ಕೈಕಾಲು ಜುಮುಗುಟ್ಟುವುದು, ರಾತ್ರಿ ಬೆವರುವುದು, ಊಟ ಸೇರದೆ ತೂಕ ಇಳಿಯುವುದು. ಕತ್ತಿನ ಗಂಟುಗಳನ್ನು ದಿನಕ್ಕೆ ಹತ್ತು ಸಲ ಒತ್ತಿ ನೋಡಿದರೆ ಒತ್ತಿದ್ದಕ್ಕೇ ಅವು ನೋಯುತ್ತವೆ, ನೋವನ್ನು ನೋಡಿ ಮತ್ತೆ ಒತ್ತುವುದು. ನಾಲಿಗೆಯ ಬಿಳಿ ಲೇಪ ಕನ್ನಡಿ ಮುಂದೆ ನಿಂತು ನೋಡಿದರೆ ಬಹುತೇಕ ಎಲ್ಲರಲ್ಲೂ ಇರುತ್ತದೆ. ಮೊದಲು ನಿಲ್ಲಿಸಬೇಕಾದದ್ದು ಈ ತಪಾಸಣೆಗಳನ್ನೇ. ಒಮ್ಮೆಗೇ ಆಗದಿದ್ದರೆ ಮುಂದೂಡಿ: ಒತ್ತಿ ನೋಡಬೇಕು ಅನ್ನಿಸಿದ ಕೂಡಲೇ ಗಡಿಯಾರ ನೋಡಿ 15 ನಿಮಿಷ ಕೈ ಬೇರೆ ಕೆಲಸಕ್ಕೆ ಹಚ್ಚಿ. ಒತ್ತಡ ಒಂದು ಮಟ್ಟಕ್ಕೆ ಏರಿ ತಾನೇ ಇಳಿಯುತ್ತದೆ. ಮುಂದಿನ ವಾರ ಅರ್ಧ ಗಂಟೆ ಮಾಡಿ.

ಗೂಗಲ್ ಹುಡುಕಾಟವೂ ಇದೇ ಜಾತಿಯದ್ದು. ಒಂದು ಉತ್ತರ ಸಿಕ್ಕಿ ಹತ್ತು ನಿಮಿಷ ನೆಮ್ಮದಿ, ಆಮೇಲೆ ‘ಆದರೆ ನನ್ನ ವಿಷಯದಲ್ಲಿ...’ ಎಂದು ಮತ್ತೆ ಶುರು. ನಂಬಿಕೆಯ ಸ್ನೇಹಿತರನ್ನು ‘ಏನೂ ಆಗಲ್ಲ ಅಲ್ವಾ?’ ಎಂದು ಪದೇಪದೇ ಕೇಳುವುದೂ ಅಷ್ಟೇ. ಒಬ್ಬರಿಗೆ ಹೇಳಿಕೊಳ್ಳಿ, ಹೇಳಿಕೊಳ್ಳದಿದ್ದರೆ ಉಸಿರು ಕಟ್ಟುತ್ತದೆ. ಆದರೆ ಅವರ ಹತ್ತಿರ ಒಂದು ಒಪ್ಪಂದ ಮಾಡಿಕೊಳ್ಳಿ: ಈ ಪ್ರಶ್ನೆಗೆ ಉತ್ತರ ಕೊಡುವ ಬದಲು ಅವರು ‘ಟೆಸ್ಟ್ ಯಾವ ತಾರೀಖು?’ ಎಂದಷ್ಟೇ ಕೇಳಲಿ.

ಯೋಚನೆಯನ್ನು ಪೂರ್ತಿ ನಿಲ್ಲಿಸಲು ಹೋದರೆ ಅದು ಇಮ್ಮಡಿಯಾಗುತ್ತದೆ. ಅದಕ್ಕೊಂದು ಹೊತ್ತು ಗೊತ್ತುಮಾಡಿ, ಸಂಜೆ ಆರರಿಂದ ಆರೂಕಾಲು ಎಂದಿಟ್ಟುಕೊಳ್ಳಿ. ಮಲಗುವ ಹೊತ್ತು ಬೇಡ. ದಿನದಲ್ಲಿ ಬಂದ ಭಯವನ್ನು ಚೀಟಿಯಲ್ಲಿ ಒಂದು ಸಾಲು ಬರೆದು ಆ ಹೊತ್ತಿಗೆ ಎತ್ತಿಡಿ. ಆರು ಗಂಟೆಗೆ ಕೂತು ಓದಿ ‘ಇದಕ್ಕಾಗಿ ಇವತ್ತು ನಾನು ಮಾಡಬಹುದಾದದ್ದು ಏನಾದರೂ ಇದೆಯೇ?’ ಎಂದು ಕೇಳಿಕೊಳ್ಳಿ. ಬಹುತೇಕ ದಿನ ಇರುವುದಿಲ್ಲ. ಎದೆ ಹೊಡೆದುಕೊಳ್ಳತೊಡಗಿದರೆ ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ನಿಧಾನ ಹೊರಗೆ, ಐದು ನಿಮಿಷ. ಹೊರಬಿಡುವ ಉಸಿರು ಉದ್ದವಿರಬೇಕು. ಗಾಬರಿಯಲ್ಲಿ ಜನ ತದ್ವಿರುದ್ಧವಾಗಿ ಬೇಗಬೇಗ ಒಳಗೆಳೆದು ತಲೆ ಸುತ್ತಿಸಿಕೊಳ್ಳುತ್ತಾರೆ.

ಮಧ್ಯಾಹ್ನದ ಮೇಲೆ ಕಾಫಿ ಬಿಡಿ. ಭಯ ಮರೆಯಲು ಕುಡಿದರೆ ಮರುದಿನ ಬೆಳಿಗ್ಗೆ ಅದು ಎರಡರಷ್ಟಾಗಿ ಎದ್ದು ಕೂರುತ್ತದೆ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ, ಆಲ್ಪ್ರಜೋಲಾಮ್ ಥರದವನ್ನು ನೀವೇ ತಂದು ನುಂಗಬೇಡಿ, ಅಭ್ಯಾಸವಾಗಿ ಬಿಡುತ್ತದೆ. ಬದುಕು ಸಾಕು ಎನ್ನುವ ಯೋಚನೆ ಒಮ್ಮೆ ಬಂದರೂ ಕಾಯಬೇಡಿ: ಟೆಲಿ-ಮನಸ್ 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಈಗಿಂದೀಗ ಜೀವಕ್ಕೆ ಅಪಾಯವಿದ್ದರೆ 112.

ನೆಗೆಟಿವ್ ಬಂದರೂ ನಂಬಿಕೆ ಬಾರದಿದ್ದರೆ

ಸರಿಯಾದ ದಿನ ದಾಟಿದ ಮೇಲಿನ ನೆಗೆಟಿವ್ ಸಿಕ್ಕ ಮೇಲೆ ಎಚ್‌ಐವಿಯ ಪ್ರಶ್ನೆ ಮುಗಿಯಿತು. ಕಾಂಡೋಮ್ ಇಲ್ಲದ ಸಂಪರ್ಕವಾಗಿದ್ದರೆ ಅದೇ ರಕ್ತದಲ್ಲಿ ಸಿಫಿಲಿಸ್, ಹೆಪಟೈಟಿಸ್ ಬಿ ಮತ್ತು ಸಿ ನೋಡಿಸಿ. ಎಚ್‌ಐವಿಯ ಭಯದಲ್ಲಿ ಇವನ್ನು ಮರೆಯುವವರೇ ಹೆಚ್ಚು.

ಆದರೆ ಕೆಲವರಿಗೆ ಅಲ್ಲಿಗೆ ಮುಗಿಯುವುದಿಲ್ಲ. ಲ್ಯಾಬಿನವರು ಟ್ಯೂಬ್ ಬದಲಿಸಿರಬಹುದು, ಕಿಟ್ ಹಳೆಯದಿರಬಹುದು, ನನ್ನಲ್ಲಿ ಮಾತ್ರ ಪ್ರತಿಕಾಯ ಮೂಡದಿರಬಹುದು, ರಕ್ತ ತೆಗೆದ ಸೂಜಿಯಿಂದಲೇ ಬಂದಿರಬಹುದು. ಹೀಗೆ ಆರನೆಯ, ಏಳನೆಯ ಟೆಸ್ಟಿಗೆ ಹೋಗುತ್ತಾರೆ. ಈ ಹಂತದಲ್ಲಿ ಇನ್ನೊಂದು ಟೆಸ್ಟ್ ಔಷಧಿಯಲ್ಲ, ಅದೇ ಕಾಯಿಲೆಯನ್ನು ಸಾಕುತ್ತದೆ. ಇದು ಆರೋಗ್ಯದ ಕುರಿತ ಅತಿಯಾದ ಆತಂಕ ಅಥವಾ ಒಸಿಡಿ (ಗೀಳಿನ ಕಾಯಿಲೆ) ಆಗಿರಬಹುದು, ಎರಡಕ್ಕೂ ಒಳ್ಳೆಯ ಚಿಕಿತ್ಸೆ ಇದೆ. ಮಾತಿನ ಚಿಕಿತ್ಸೆಯಲ್ಲಿ ಅನುಮಾನ ಬಂದರೂ ಟೆಸ್ಟಿಗೆ ಓಡದೆ ಕೂರುವುದನ್ನು ಹಂತಹಂತವಾಗಿ ಕಲಿಸುತ್ತಾರೆ. ಬೇಕಾದರೆ ಮಾತ್ರೆಯನ್ನೂ ಕೊಡುತ್ತಾರೆ, ಅದರ ಪರಿಣಾಮ ಕಾಣಲು ಕೆಲವು ವಾರ ಬೇಕು. ಕೊನೆಯ ನೆಗೆಟಿವ್ ಬಂದು ಎರಡು ವಾರವಾದರೂ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಇದರಲ್ಲೇ ಹೋಗುತ್ತಿದ್ದರೆ, ಅಥವಾ ಹೊಸ ಅಪಾಯವಿಲ್ಲದೆ ಮೂರನೇ ಸಲ ಟೆಸ್ಟ್ ಬುಕ್ ಮಾಡುತ್ತಿದ್ದರೆ, ಮನೋವೈದ್ಯರನ್ನು ಕಾಣುವ ಹೊತ್ತು ಬಂದಿದೆ.

ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಜ್ಞರು ಬರುವ ವ್ಯವಸ್ಥೆ ಇದೆ, ಹೋಗುವ ಮೊದಲು ಫೋನ್ ಮಾಡಿ ಕೇಳಿ. ಹೋಗುವಾಗ ರಿಪೋರ್ಟುಗಳ ಇಡೀ ಕಡತ ಬೇಡ. ಘಟನೆಯ ತಾರೀಖು, ನಿಗದಿತ ದಿನದ ನಂತರದ ಒಂದು ನೆಗೆಟಿವ್ ರಿಪೋರ್ಟ್, ಇದುವರೆಗೆ ಎಷ್ಟು ಸಲ ಟೆಸ್ಟ್ ಮಾಡಿಸಿದ್ದೀರಿ ಎಂಬ ಎಣಿಕೆ ಒಂದು ಹಾಳೆಯಲ್ಲಿದ್ದರೆ ಸಾಕು. ವೈದ್ಯರು ಮೊದಲು ಕೇಳುವುದೂ ಆ ಎಣಿಕೆಯನ್ನೇ.